ಅಕ್ಕುವಿನ ಎತ್ತರಕ್ಕೆ ನಿಂತ ಬಳ್ಳಿ

“ಕುಡಿ ಚಿವುಟುವುದನ್ನು ಮಾತ್ರ ಬಿಡಬೇಡಿ, ಸಣ್ಣ ಧಣಿ. ಆ ಬಳ್ಳಿಗೆ ಹಿಡಿಯಲಿಕ್ಕೆ ಎಂತದೂ ಸಿಗಬಾರದು.”

ಇದನ್ನು ಹೇಳುವಾಗ ಮನೆಯ ಹಳೆಯ ಆಳು ಪೂವಪ್ಪ ಹರಿನಾಥನ ಮುಖ ನೋಡಲಿಲ್ಲ. ಅಂಗಳದ ತೆಂಕು ಮೂಲೆಯಲ್ಲಿ ಕಂಬಕ್ಕೆ ಬಿಗಿದು ನಿಲ್ಲಿಸಿದ್ದ ಬಳ್ಳಿಯನ್ನೂ ನೋಡಲಿಲ್ಲ. ತನ್ನ ಹೆಬ್ಬೆರಳಿನ ಉಗುರನ್ನು ನೋಡಿಕೊಂಡು ಹೇಳಿದ. ವರ್ಷಗಟ್ಟಲೆ ಕುಡಿ ಚಿವುಟಿ ಆ ಉಗುರು ಕಪ್ಪಾಗಿತ್ತು.

“ಸಿಕ್ಕಿದರೆ ಎಂತ? ನಿನ್ನನ್ನು ನುಂಗುತ್ತದಾ?”

“ದೊಡ್ಡ ಧಣಿ ಹೇಳಿ ಹೋಗಿದ್ದಾರೆ. ಹೆಂಗಸಿನ ತಲೆಗಿಂತ ಮೇಲೆ ಹೋಗಬಾರದು ಅಂತ.”

“ಯಾವ ಹೆಂಗಸಿನ?”

ಪೂವಪ್ಪ ಉಗುರನ್ನು ಪಂಚೆಗೆ ಒರೆಸಿಕೊಂಡ. ಹರಿನಾಥ ನಕ್ಕ. ಆ ನಗೆಯಲ್ಲಿ ಸಂತೋಷಕ್ಕಿಂತ ಸಿಟ್ಟು ಹೆಚ್ಚಿತ್ತು. ಆ ವರ್ಷ ಅವನಿಗೆ ಎಲ್ಲದರ ಮೇಲೆಯೂ ಸಿಟ್ಟಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷ ಅದು. ನೀಲಗಿರಿಯ ಚಹಾ ತೋಟವೊಂದರಲ್ಲಿ ಹರಿನಾಥ ಬಹುಕಾಲ ಗುಮಾಸ್ತನಾಗಿದ್ದ. ತೋಟದ ದೊರೆ ಆಸ್ತಿಯನ್ನು ಮಾರಿ ಹಡಗು ಹತ್ತಿದ. ಹೊಸ ಯಜಮಾನನಿಗೆ ಹಳೆಯ ಗುಮಾಸ್ತ ಬೇಕಿರಲಿಲ್ಲ. ಅದೇ ತಿಂಗಳು ತಂದೆ ಮುದ್ದಣ್ಣ ತೀರಿಕೊಂಡ ಸುದ್ದಿ ಬಂತು. ಹರಿನಾಥನಿಗೆ ಹೋಗಲು ಉಳಿದ ಜಾಗ ಒಂದೇ: ವರ್ಕಾಡಿಯ ಈ ಮನೆ. ಕೆಂಪು ಮುರಕಲ್ಲಿನ ದಿಣ್ಣೆಯ ಮೇಲೆ, ಗದ್ದೆಗಳಿಗೆ ಮುಖಮಾಡಿ, ಹಂಚಿನ ಮಾಡು ಹೊತ್ತು ನಿಂತ ದೊಡ್ಡ ಮನೆ. ಅದು ತನ್ನದೇ ಎಂದು ತಿಳಿದು ಬಂದಿದ್ದ. ಬಂದ ಮೇಲೆ, ಇನ್ನೂ ತನ್ನದಾಗಿಲ್ಲವೆಂದು ತಿಳಿಯಿತು.

ಬಳ್ಳಿಯ ಗುರುತು ಮಾತ್ರ ಅವನಿಗೆ ಕೂಡಲೇ ಹತ್ತಿತು. ವಿಸ್ಟೀರಿಯಾ. ದೊರೆಯ ಬಂಗಲೆಯ ಮುಂದೆ ಅದು ನೇರಳೆ ಬಣ್ಣದ ಗೊಂಚಲುಗಳನ್ನು ಇಳಿಬಿಟ್ಟಾಗ, ಊಟಿಯಿಂದ ಮಡಮ್ಮಂದಿರು ನೋಡಲು ಬರುತ್ತಿದ್ದರು. ಈ ಸಸಿಯನ್ನು ಕಳುಹಿಸಿದವನೂ ಹರಿನಾಥನೇ. “ನಮ್ಮ ಸೀಮೆಯಲ್ಲಿ ಯಾರೂ ಕಂಡಿರದ, ಎಡಕ್ಕೆ ಸುತ್ತುವ ಬಳ್ಳಿಯೊಂದನ್ನು ಕಳುಹಿಸು” ಎಂದು ಮುದ್ದಣ್ಣ ಹಿಂದೊಮ್ಮೆ ಹೇಳಿಕಳುಹಿಸಿದ್ದ. ತಂದೆಗೆ ತೋಟದ ಶೋಕಿ ಹತ್ತಿತೆಂದು ಮಗ ಹಿಗ್ಗಿದ್ದ. ಈಗ ನೋಡಿದರೆ, ಒಂದೇ ಒಂದು ಹೂ ಬಿಡದೆ, ಗಿಡ್ಡ ಹೆಂಗಸೊಬ್ಬಳಷ್ಟು ಎತ್ತರದಲ್ಲಿ, ಗಂಟುಗಂಟಾಗಿ, ಅದು ಕಂಬಕ್ಕೆ ಅಂಟಿಕೊಂಡಿತ್ತು.

“ಇದು ಬಳ್ಳಿ ಸಾಕುವ ಕ್ರಮವಲ್ಲ, ಕುತ್ತಿಗೆ ಹಿಸುಕುವುದು” ಎಂದು ಅವನು ಪೂವಪ್ಪನಿಗೆ ಗದರಿದ. “ಇದನ್ನು ಹದದಲ್ಲಿಡಬೇಕಾದರೆ ಹೂ ಮುಗಿದ ಮೇಲೆ ಉದ್ದ ಕುಡಿಗಳನ್ನು ಮೊಟಕು ಮಾಡಬೇಕು. ಎಲೆ ಉದುರಿದ ಮೇಲೆ ಇನ್ನೊಮ್ಮೆ, ನಾಲ್ಕಾರು ಚಿಗುರುಗಣ್ಣು ಉಳಿಸಿ ಕತ್ತರಿಸಬೇಕು. ನಡುವೆ ಬೆಳೆಯಲಿಕ್ಕೆ ಬಿಡಬೇಕು. ಇನ್ನು ನೀನು ಇದಕ್ಕೆ ಉಗುರು ಮುಟ್ಟಿಸಿದರೆ ನಿನ್ನ ಬೆರಳನ್ನೇ ಮೊಟಕು ಮಾಡುತ್ತೇನೆ.”

ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಯ ಬಾಗಿಲಲ್ಲಿ ಅಕ್ಕು ಕುಳಿತಿದ್ದಳು. ಮುದ್ದಣ್ಣನ ತಂಗಿ, ಹರಿನಾಥನ ಸೋದರತ್ತೆ. ಗಂಡ ಸತ್ತು, ಮಕ್ಕಳಿಲ್ಲದೆ, ತವರಿನಲ್ಲೇ ಉಳಿದವಳು. ಹರಿನಾಥ ಘಟ್ಟ ಹತ್ತಿದ ಮೇಲೆ ಜ್ವರವೊಂದು ಬಂದು ಅವಳ ನಾಲಿಗೆ ಬಿದ್ದುಹೋಯಿತೆಂದು ಮನೆಯವರು ಹೇಳುತ್ತಿದ್ದರು. ಅವಳು ಯಾರನ್ನೂ ನೋಡುತ್ತಿರಲಿಲ್ಲ, ಬಳ್ಳಿಯನ್ನು ನೋಡುತ್ತಿದ್ದಳು. ಅವಳು ಎದ್ದು ನಿಂತಾಗ ಬಳ್ಳಿಯ ತುದಿಯೂ ಅವಳ ನೆತ್ತಿಯೂ ಒಂದೇ ಮಟ್ಟದಲ್ಲಿದ್ದವು. ಹರಿನಾಥ ಅದನ್ನು ಗಮನಿಸಿದ. ಗಮನಿಸಿ ಬಿಟ್ಟುಬಿಟ್ಟ.

ಅವನ ಚಿಂತೆ ಬೇರೆ ಇತ್ತು. ಆ ಕುಟುಂಬದಲ್ಲಿ ಮನೆ ನಡೆಯುವುದು ಹೆಣ್ಣಿನಿಂದ, ಅಳಿಯಸಂತಾನದ ಕಟ್ಟು. ಯಜಮಾನ ಗಂಡಸಾದರೂ ಮನೆ ಅವನ ಮಗನಿಗೆ ಇಳಿಯುವುದಿಲ್ಲ. ಇಳಿಯಬೇಕಾದರೆ ಮನೆಯ ಹಿರಿಯ ಹೆಂಗಸು ಒಪ್ಪಬೇಕು. ಸೌರ ಯುಗಾದಿಯ ಬಿಸು ಹಬ್ಬದ ದಿನ ಕುಟುಂಬದವರು ಚಾವಡಿಯಲ್ಲಿ ಸೇರಿ ಅವಳನ್ನು ಕೇಳುತ್ತಾರೆ. ಅವಳು ಬೇಡವೆಂದರೆ ಮುಗಿಯಿತು. ಏನೂ ಹೇಳದಿದ್ದರೆ ಒಪ್ಪಿಗೆಯೆಂದೇ ಲೆಕ್ಕ.

ಮೂಗಿಯೊಬ್ಬಳ ಮೌನವನ್ನೂ ಒಪ್ಪಿಗೆಯ ಲೆಕ್ಕಕ್ಕೆ ಹಾಕುವುದು ನ್ಯಾಯವೇ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಹರಿನಾಥನಂತೂ ಕೇಳಲಿಲ್ಲ. ಕುಟುಂಬದ ಹಿರಿಯ ತ್ಯಾಂಪಣ್ಣನ ಮನೆಗೆ ಹೋಗಿ ಕಟ್ಟಳೆಯನ್ನು ಇನ್ನಷ್ಟು ಬಿಗಿ ಮಾಡಿದ.

“ಅತ್ತೆ ತಲೆ ಅಲ್ಲಾಡಿಸಿದರೆ?”

“ಪಾಪ, ಅವಳು ಅಷ್ಟಾದರೂ ಮಾಡಬಹುದು” ಎಂದ ತ್ಯಾಂಪಣ್ಣ.

“ಅದು ಆಗುವುದಿಲ್ಲ. ತಲೆ ಅಲ್ಲಾಡಿಸಿದ್ದು, ಕೈ ಬೀಸಿದ್ದು, ಗೀಚಿ ತೋರಿಸಿದ್ದು ಯಾವುದೂ ಮಾತಲ್ಲ. ಬಾಯಿಯಿಂದ ಬಂದದ್ದು ಮಾತ್ರ ಮಾತು. ನಾಳೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಬಾರದು.”

ತ್ಯಾಂಪಣ್ಣ ಎಲೆಯಡಿಕೆಯನ್ನು ಅಂಗಳಕ್ಕೆ ಉಗುಳಿದ. “ನಿನ್ನ ಅಪ್ಪನಿಗಿಂತ ನೀನು ಬಿಗಿ, ಮಾರಾಯ. ಆಯಿತು. ಯಾರನ್ನು ಕೇಳಿದರೂ ಅದೇ ಕರಾರು.”

ಹಿಂತಿರುಗುವ ದಾರಿಯಲ್ಲಿ ಹರಿನಾಥನಿಗೆ ಇನ್ನೊಂದು ಆಸೆ ಹುಟ್ಟಿತು. ಬಿಸುವಿಗೆ ಬಳ್ಳಿ ಹೂ ಬಿಟ್ಟಿರಬೇಕು. ಈ ಬಿಸಿಲ ಸೀಮೆಯಲ್ಲಿ ಯಾರೂ ಕಾಣದ ಹೂ ಚಾವಡಿಯ ಮುಂದೆ ತೂಗಬೇಕು. ಅದರ ಕೆಳಗೆ ಕುಳಿತು ಮನೆಯನ್ನು ಸ್ವೀಕರಿಸಬೇಕು. ತೋಟದಿಂದ ಹೊರದೂಡಿಸಿಕೊಂಡು ಬಂದವನೆಂದು ಹಿಂದಿನಿಂದ ನಗುವ ಬಾಯಿಗಳು ಆ ದಿನ ಮುಚ್ಚಬೇಕು.

ಅವನು ಕುಡಿಗಳನ್ನು ಬಿಟ್ಟ. ಕಂಬದಿಂದ ಮಾಡಿನ ಅಂಚಿಗೆ ತಂತಿ ಎಳೆದ. ಹಿಡಿಯಲು ಏನೋ ಸಿಕ್ಕಿತೆಂದು ಬಳ್ಳಿಗೆ ತಿಳಿಯಲು ತಡವಾಗಲಿಲ್ಲ. ಬೆಳಿಗ್ಗೆ ಗಾಳಿಯಲ್ಲಿ ತಡಕಾಡುತ್ತಿದ್ದ ಕುಡಿ ಸಂಜೆಗೆ ತಂತಿಯನ್ನು ಎಡಕ್ಕೆ, ಅಪ್ರದಕ್ಷಿಣವಾಗಿ, ಬಿಗಿದು ಸುತ್ತಿರುತ್ತಿತ್ತು. ಆದರೆ ಎಲೆಯೇ ಹೊರತು ಮೊಗ್ಗಿಲ್ಲ. ಅಂಥ ಬಳ್ಳಿಗೆ ದೊರೆ ಮಾಡುತ್ತಿದ್ದ ಉಪಾಯ ಹರಿನಾಥನಿಗೆ ಗೊತ್ತಿತ್ತು. ಸುತ್ತಲೂ ನೆಲ ಅಗೆದು ಬೇರು ಕಡಿಯಬೇಕು. ಸಾಯುವ ಭಯ ಹುಟ್ಟಿದರೆ ಬಳ್ಳಿ ಹೂ ಬಿಡುತ್ತದೆ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಹಾರೆ ಹಿಡಿದ. ಪೂವಪ್ಪ ಓಡಿಬಂದು ಹಾರೆಯ ಹಿಡಿಗೆ ಜೋತುಬಿದ್ದ.

“ಅಲ್ಲಿ ಬೇಡ, ಧಣಿ! ಬೇರೆ ಎಲ್ಲಿ ಬೇಕಾದರೂ ಅಗೆಯಿರಿ.”

ಹರಿನಾಥ ಅವನನ್ನು ಎದೆಗೆ ಒದ್ದು ಕೆಡವಿದ. ಮೊದಲ ಏಟಿಗೇ ಮಣ್ಣು ಒಡೆದು ಒಂದು ವಾಸನೆ ಎದ್ದಿತು. ಮಣ್ಣಿನದಲ್ಲ. ಬಹಳ ಕಾಲ ಮುಚ್ಚಿಟ್ಟ ಬಾಯಿಯ ವಾಸನೆ. ಬೇರು ಹರಿದ ಕಡೆ ಹಾರೆಗೆ ಲೋಹ ತಗಲಿತು. ಅವನು ಕೈ ಹಾಕಿ ಎಳೆದ. ತಾಮ್ರದ ಹಾಳೆಯ ಸುರುಳಿ. ಅದರೊಳಗೆ ಹೆಂಗಸಿನ ಉದ್ದ ಕೂದಲು, ಕೂದಲಿನಲ್ಲಿ ಸುತ್ತಿದ ಮರದ ನಾಲಿಗೆ, ನಾಲಿಗೆಯ ನಡುವೆ ಹೊಡೆದ ಕಬ್ಬಿಣದ ಮೊಳೆ. ಬಳ್ಳಿಯ ಎಳೆಬೇರುಗಳು ಸುರುಳಿಯನ್ನು ತೂರಿ ಆ ನಾಲಿಗೆಯನ್ನು ಅಪ್ಪಿಕೊಂಡಿದ್ದವು.

ಪೂವಪ್ಪ ಬಿದ್ದಲ್ಲಿಂದಲೇ ಎಲ್ಲವನ್ನೂ ಹೇಳಿದ. ಹೆದರಿಕೆಯಲ್ಲಿ ಮಾತು ತಡವರಿಸುತ್ತಿತ್ತು.

“ನಿಮ್ಮ ಅತ್ತೆ ಅಕ್ಕಮ್ಮನ ಕೂದಲು ಅದು. ಮನೆ ನಿಮಗೆ ಹೋಗಬಾರದು ಅಂತ ಅಕ್ಕಮ್ಮ ಹಟ ಹಿಡಿದಿದ್ದರು. ದೊಡ್ಡ ಧಣಿ ತೆಂಕಿನಿಂದ ಮಂತ್ರವಾದಿಯನ್ನು ಕರೆಸಿದರು. ನಮ್ಮ ನೆಲದ ಗಿಡಕ್ಕೆ ಕಟ್ಟಿದರೆ ನಮ್ಮನ್ನು ಕಾಯುವ ಭೂತಗಳಿಗೆ ಗೊತ್ತಾಗುತ್ತದೆ, ಅವು ಬಿಡಿಸುತ್ತವೆ, ಪರದೇಶದ ಬಳ್ಳಿ ಬೇಕು ಅಂದ ಅವ. ನೀವು ಕಳಿಸಿದಿರಿ. ಗುಂಡಿ ತೋಡಿದ್ದು ನಾನು. ಕುಡಿ ಚಿವುಟಿದ ಹಾಗೆ ಮಾತು ಚಿವುಟುತ್ತದೆ ಅಂತ ಅವ ಹೇಳಿದ. ನಾನು ಚಿವುಟಿದೆ. ದಿನಾ ಚಿವುಟಿದೆ.”

ಹರಿನಾಥ ಕೇಳಿದ. ಒಬ್ಬ ಹೆಂಗಸಿನ ಬಾಯಿಯನ್ನು ನೆಲದಲ್ಲಿ ಹೂಳಿ ಮೇಲೆ ಬಳ್ಳಿ ನೆಟ್ಟ ಕತೆಯನ್ನು ಪೂರ್ತಿ ಕೇಳಿದ. ಅವನಿಗೆ ಸಿಟ್ಟು ಬಂದದ್ದು ನಿಜ. ಆದರೆ ಬಂದದ್ದು ಬಳ್ಳಿಯ ಪರವಾಗಿ.

“ಒಳ್ಳೆಯ ಗಿಡವನ್ನು ಈ ಕಸ ಹಾಕಿ ಹಾಳು ಮಾಡಿದಿರಲ್ಲ, ಬೇವಾರ್ಸಿಗಳಾ” ಎಂದು ಮೊಳೆಯನ್ನು ಕಿತ್ತು ಎಸೆದ.

“ಕೀಳಬೇಡಿ! ಕಟ್ಟು ಬಿಚ್ಚಿದರೆ ಅದು ಖಾಲಿ ನಿಲ್ಲುವುದಿಲ್ಲವಂತೆ. ಬಿಚ್ಚಿದವನನ್ನೇ…”

“ನನ್ನನ್ನೇ ಎಂತ?”

ಪೂವಪ್ಪ ಎದ್ದು ಓಡಿದ. ಗದ್ದೆಯ ಬದು ದಾಟಿ ಓಡಿದವನು ಆ ಮನೆಗೆ ಮತ್ತೆ ಕಾಲಿಡಲಿಲ್ಲ. ಹರಿನಾಥ ಕೂದಲನ್ನೂ ಮರದ ನಾಲಿಗೆಯನ್ನೂ ಬಚ್ಚಲೊಲೆಗೆ ಹಾಕಿದ. ಕೂದಲು ಸುಟ್ಟ ಕಮಟು ಮನೆಯೆಲ್ಲ ತುಂಬಿತು. ಆಗ ಕತ್ತಲೆ ಕೋಣೆಯಿಂದ ಒಂದು ಸದ್ದು ಬಂತು. ಒಣಗಿದ ಬಾವಿಯ ತಳದಲ್ಲಿ ಯಾರೋ ಕಲ್ಲು ಸರಿಸಿದಂತೆ. ಮನುಷ್ಯರ ಗಂಟಲಿನಿಂದ ಬಂದದ್ದೆಂದು ಅವನಿಗೆ ಅನಿಸಲಿಲ್ಲ.

ಬೇರು ಕಡಿಸಿಕೊಂಡ ಬಳ್ಳಿ ಎಲೆ ಉದುರಿಸಿತು. ಮೀನ ಮಾಸದ ಸೆಖೆ ಏರುವಾಗ, ಬೋಳು ಕಡ್ಡಿಗಳ ತುಂಬ ಮೊಗ್ಗು ಮೂಡಿತು. ಹೂ ಬಿಟ್ಟ ದಿನ ಬೀಡಿ ಕಟ್ಟುವ ಹೆಂಗಸರು ಮೊರವನ್ನು ಅಲ್ಲೇ ಬಿಟ್ಟು ನೋಡಲು ಬಂದರು. ಮಾಡಿನ ಅಂಚಿನುದ್ದಕ್ಕೂ ಮೊಳದುದ್ದದ ನೇರಳೆ ಗೊಂಚಲುಗಳು. ಕೊಳೆತ ದ್ರಾಕ್ಷಿಯಂಥ, ಜೇನಿನಂಥ, ತಲೆ ಭಾರವಾಗಿಸುವ ಪರಿಮಳ. ಬಂದವರು ಬಹಳ ಹೊತ್ತು ನಿಲ್ಲಲಿಲ್ಲ. “ಚಂದ ಉಂಟು” ಎಂದರು. ಸೆರಗಿನಿಂದ ಮೂಗು ಮುಚ್ಚಿಕೊಂಡು ಇಳಿದುಹೋದರು. ಆ ಹೂವಿಗೆ ಒಂದು ದುಂಬಿಯೂ ಬರಲಿಲ್ಲ.

ಬಳ್ಳಿ ಅಂಚಿನಲ್ಲಿ ನಿಲ್ಲಲಿಲ್ಲ. ಹಂಚುಗಳ ಸಂದಿಗೆ ನುಗ್ಗಿತು. ಹಗಲೆಲ್ಲ ಮಾಡಿನ ಮೇಲೆ ಹಂಚು ಸರಿಯುವ ಸದ್ದು. ಹಂಚಿನಡಿಯ ಮರದ ರೀಪುಗಳನ್ನು ಎಡಕ್ಕೆ ತಿರುಚಿ ಮುರಿಯುವ ಸದ್ದು. ಕಿಟಕಿಗಳಿಗೆ ಎಲೆ ಕವಿದು ಚಾವಡಿಯಲ್ಲಿ ನಡುಹಗಲೂ ಕತ್ತಲೆಯಾಯಿತು. ಆ ಕತ್ತಲೆಯೊಳಗಿಂದ ಅಕ್ಕುವಿನ ಗಂಟಲು ದಿನಕ್ಕಿಷ್ಟು ತೆರೆಯುತ್ತಿತ್ತು. ಮೊದಲು ಗೊರಗೊರ ಸದ್ದು. ಆಮೇಲೆ ಅರೆಯುವ ಕಲ್ಲಿನಂಥ ಉಲಿ. ಒಂದು ದಿನ ಹರಿನಾಥ ಕೋಣೆಯ ಮುಂದೆ ಹಾದುಹೋಗುವಾಗ ಆ ಉಲಿಯಲ್ಲಿ ಅಕ್ಷರವಿತ್ತು.

“ಹ… ರಿ…”

ಬಿಸುವಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಇವಳಿಗೆ ಮಾತು ಬಂದರೆ ಮನೆ ಹೋಯಿತು. ಮನೆ ಹೋದರೆ ಅವನಿಗೆ ನಿಲ್ಲಲು ನೆಲವಿಲ್ಲ. ನಂಬದ ಮಾಟವನ್ನು ಅವನು ಆ ಗಳಿಗೆಯಲ್ಲಿ ನಂಬಿದ, ನಂಬಿದರೆ ಲಾಭವಿತ್ತು. ಕುಡಿ ಚಿವುಟಿದರೆ ಮಾತು ಚಿವುಟುತ್ತದೆ. ಹಾಗಾದರೆ ಕತ್ತರಿಸಿದರಾಯಿತು.

ಕತ್ತಿ ಹಿಡಿದು ಏಣಿ ಹತ್ತಿದ. ಮೊದಲ ಕೊಂಬೆ ಕಡಿದಾಗ ಗಂಟಲಲ್ಲಿ ಮುಳ್ಳಾಡಿದಂತಾಯಿತು. ಹೂವಿನ ಧೂಳೆಂದು ಕೆಮ್ಮಿದ. ಮರುದಿನ ಕಡಿದ ಪ್ರತಿ ಗಾಯದಿಂದ ಎರಡು ಕುಡಿ ಹೊರಟಿದ್ದವು. ಅವನ್ನೂ ಕಡಿದ. ಸ್ವರ ಒಡೆಯಿತು. ಶೀತವೆಂದು ಕರಿಮೆಣಸಿನ ಕಷಾಯ ಕುಡಿದ. ಮತ್ತೆ ಏಣಿ ಹತ್ತಿದ. ಸಿಟ್ಟಿನಲ್ಲಿ ಬಳ್ಳಿಯನ್ನು ಬೈಯುತ್ತ, ಅತ್ತೆಯನ್ನು ಬೈಯುತ್ತ, ಸತ್ತ ತಂದೆಯನ್ನು ಬೈಯುತ್ತ ಕಡಿದ. ಬೈಗುಳ ಗಾಳಿಯಾಗಿ ಹೊರಟಿತು. ಗಾಳಿಯೂ ತೆಳುವಾಯಿತು. ಕತ್ತರಿಸಿದಷ್ಟೂ ಯಾರ ಸ್ವರ ಇಳಿಯುತ್ತಿದೆಯೆಂಬ ಸರಳ ಲೆಕ್ಕವನ್ನು, ಜೀವಮಾನವಿಡೀ ಲೆಕ್ಕ ಬರೆದ ಗುಮಾಸ್ತ ಮಾಡಲಿಲ್ಲ.

ಬಿಸುವಿನ ದಿನ. ನಡು ಮಧ್ಯಾಹ್ನ. ಚಾವಡಿಯಲ್ಲಿ ಕುಟುಂಬದವರು ಚಾಪೆ ಹಾಸಿ ಕುಳಿತಿದ್ದರು. ಹೊರಗೆ ಬಿಸಿಲು ಉರಿಯುತ್ತಿತ್ತು, ಒಳಗೆ ದೀಪ ಬೇಕಾಯಿತು. ತಲೆಯ ಮೇಲೆ ರೀಪುಗಳು ನರಳುತ್ತಿದ್ದವು. ಹೂವಿನ ವಾಸನೆಗೆ ಒಬ್ಬಿಬ್ಬರು ಹೊರಗೆ ಹೋಗಿ ವಾಂತಿ ಮಾಡಿ ಬಂದರು.

ಅಕ್ಕುವನ್ನು ಕರೆತಂದು ಕೂರಿಸಿದರು. ತ್ಯಾಂಪಣ್ಣ ಗಂಟಲು ಸರಿಮಾಡಿಕೊಂಡ.

“ಅಕ್ಕು, ಮುದ್ದಣ್ಣನ ಮಗನಿಗೆ ಈ ಮನೆ ಬಿಟ್ಟುಕೊಡಲಿಕ್ಕೆ ನಿನ್ನ ಒಪ್ಪಿಗೆ ಉಂಟಾ? ಇಲ್ಲದಿದ್ದರೆ ಬಾಯಿಬಿಟ್ಟು ಹೇಳು.”

ಒಂದು ಹೂವು ಕಳಚಿ ದೀಪದ ಎಣ್ಣೆಗೆ ಬಿತ್ತು. ತ್ಯಾಂಪಣ್ಣ ಕೈಯೆತ್ತಿ ಮುಗಿಯಿತೆನ್ನಲು ಹೊರಟ.

“ಬೇಡ.”

ತ್ಯಾಂಪಣ್ಣನ ಕೈ ಎತ್ತಿದಲ್ಲೇ ನಿಂತಿತು.

“ಕೇಳಲಿಲ್ಲವಾ, ತ್ಯಾಂಪಣ್ಣ? ನಿನ್ನ ಕಿವಿಯನ್ನೂ ಹೂತಿದ್ದಾರಾ? ಬೇಡ. ಇದು ನನ್ನ ಅಮ್ಮನ ಮನೆ. ನನ್ನ ನಾಲಿಗೆಗೆ ಮೊಳೆ ಹೊಡೆದ ಅಣ್ಣನ ಮಗನಿಗೆ ಇದರ ಒಂದು ಹಂಚೂ ಇಲ್ಲ.” ಅವಳ ಸ್ವರ ಕೂಗುತ್ತಿರಲಿಲ್ಲ. ಕೂಗಿದ್ದರೆ ಸಹಿಸಬಹುದಿತ್ತು. “ನಾನು ನೆಲ ಬಡಿದೆ. ತಲೆ ಚಚ್ಚಿಕೊಂಡೆ. ಈ ಬಳ್ಳಿಯನ್ನು ತೋರಿಸಿ ತೋರಿಸಿ ಕಣ್ಣೀರು ಹಾಕಿದೆ. ಎಂತ ಮಾಡಿದಿರಿ? ಹುಚ್ಚು ಅಂದಿರಿ. ಪಾಯಸ ಉಂಡು ಹೋದಿರಿ. ಎಲ್ಲರೂ. ನೀನೂ.”

ತ್ಯಾಂಪಣ್ಣನ ತಲೆ ತಗ್ಗಿತು.

“ಈಗ ಅವನನ್ನು ಕೇಳು” ಎಂದಳು ಅಕ್ಕು.

ತ್ಯಾಂಪಣ್ಣ ಕೇಳಿದ. “ಹರಿನಾಥ, ಮನೆಯ ಮೇಲಿನ ಹಕ್ಕು ಬಿಟ್ಟಿಯಾ? ಬಿಡುವುದಿಲ್ಲ ಅಂತಾದರೆ ಹೇಳು.”

ಹರಿನಾಥ ಬಾಯಿ ತೆರೆದ. ಇಲ್ಲವೆನ್ನಬೇಕು. ಒಂದೇ ಮಾತು. ನಾಲಿಗೆ ಎತ್ತಲು ನೋಡಿದ. ಎತ್ತಲಾಗಲಿಲ್ಲ. ಮರ. ಬಾಯಿಯೊಳಗೆ ಮರದ ತುಂಡು. ಅದರ ನಡುವೆ ತಣ್ಣಗಿನ ಕಬ್ಬಿಣ. ಗಂಟಲೊಳಗೆ ಏನೋ ಎಡಕ್ಕೆ ಸುತ್ತಿತು. ಇನ್ನೊಮ್ಮೆ ಸುತ್ತಿತು. ಬಿಗಿಯಿತು. ಕೆಮ್ಮಿದ. ಚಾಪೆಯ ಮೇಲೆ ನೇರಳೆ ಎಸಳುಗಳು ಬಿದ್ದವು. ಒದ್ದೆ ಎಸಳುಗಳು. ಹೆಂಗಸೊಬ್ಬಳು ಚೀರಿದಳು. ಹರಿನಾಥ ತಲೆಯಾಡಿಸಿದ. ಇಲ್ಲ. ಇಲ್ಲ. ಕೈ ಬೀಸಿದ. ಕಾಗದ ಬೇಕೆಂದು ಸನ್ನೆ ಮಾಡಿದ. ಮುಷ್ಟಿಯಿಂದ ನೆಲ ಬಡಿದ. ಬಡಿದ. ಬಡಿದ.

“ಅದು ಯಾವುದೂ ಮಾತಲ್ಲ” ಎಂದ ತ್ಯಾಂಪಣ್ಣ, ಅವನ ಕಡೆ ನೋಡದೆ. “ನೀನೇ ಬಿಗಿ ಮಾಡಿದ್ದು, ಮಾರಾಯ.” ಕಾದ. ಮತ್ತೆ ಕಾದ. “ಒಪ್ಪಿಗೆಯಾಯಿತು.”

ಹರಿನಾಥ ಎದ್ದು ಓಡಿದ. ಅಂಗಳ ದಾಟಿದ. ಬಳ್ಳಿಯ ನೆರಳು ಮುಗಿಯುವಲ್ಲಿ ಉಸಿರು ನಿಂತಿತು. ಒಂದು ಹೆಜ್ಜೆ ಮುಂದಿಟ್ಟ. ಕಣ್ಣು ಕತ್ತಲಾಯಿತು. ಹಿಂದಕ್ಕೆ ಬಿದ್ದ. ನೆರಳಿಗೆ ತಲೆ ಬಿದ್ದೊಡನೆ ಗಾಳಿ ಬಂತು. ಮತ್ತೆ ಓಡಿದ. ಮತ್ತೆ ಅಲ್ಲೇ ಬಿದ್ದ. ಅಷ್ಟರಲ್ಲಿ ಕುಟುಂಬದವರು ಒಬ್ಬೊಬ್ಬರಾಗಿ ಅವನನ್ನು ಸುತ್ತಿ ಹಾದು ಇಳಿದುಹೋಗುತ್ತಿದ್ದರು. ಆ ದಿನ ಯಾರೂ ಪಾಯಸ ಉಣ್ಣಲಿಲ್ಲ.

ಅಕ್ಕು ಅಂಗಳಕ್ಕೆ ಬಂದು ಅವನ ತಲೆಯ ಬಳಿ ನಿಂತಳು. “ಎಲ್ಲಿಗೆ ಹೋಗ್ತಿ? ಇಲ್ಲೇ ಇರು. ಆ ಕೋಣೆ ಖಾಲಿ ಉಂಟು.”

ಅವನು ಇದ್ದಾನೆ. ಬಳ್ಳಿಯ ಕುಡಿಗಳನ್ನು ಈಗ ಅಕ್ಕುವೇ ಚಿವುಟುತ್ತಾಳೆ. ಬೆಳಿಗ್ಗೆ ಎದ್ದು ಮುಖ ತೊಳೆಯುವುದಕ್ಕಿಂತ ಮೊದಲು. ಮಧ್ಯಾಹ್ನ ಗಂಜಿಯ ಪಾತ್ರೆ ಹಿಡಿದು ಕತ್ತಲೆ ಕೋಣೆಯ ಬಾಗಿಲಿಗೆ ಬರುತ್ತಾಳೆ. ಹರಿನಾಥ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಾನೆ. ಹಸಿವೆ ತಾಳದೆ ಬಾಗಿಲಿಗೆ ಇನ್ನಷ್ಟು ಸರಿಯುತ್ತಾನೆ. ಅವಳು ಅರ್ಧ ಸೌಟು ಬಡಿಸಿ, ಸೌಟನ್ನು ಮೇಲೆ ಹಿಡಿದು ಕೇಳುತ್ತಾಳೆ.

“ಸಾಕಲ್ಲ, ಮಗಾ?”

ಕಾಯುತ್ತಾಳೆ. ಅವನ ಬಾಯಿಯನ್ನೇ ನೋಡುತ್ತ, ಅವಸರವಿಲ್ಲದೆ ಕಾಯುತ್ತಾಳೆ. ಆಮೇಲೆ ಪಾತ್ರೆಗೆ ಮುಚ್ಚಳ ಹಾಕಿಕೊಂಡು ಒಳಗೆ ಹೋಗುತ್ತಾಳೆ.